ಹೆಡ್‌ಫೋನ್ ಆಂಪ್ಲಿಫೈಯರ್: ಮೊದಲು ಪವರ್ ಸಪ್ಲೈ

ಕಾರವಾರ ತಾಲೂಕಿನಲ್ಲಿ ಕರೆಂಟು ತಯಾರಾಗುವುದಕ್ಕೇನೂ ಬರವಿಲ್ಲ. ಕದ್ರಾದಲ್ಲಿ ಜಲವಿದ್ಯುತ್ ಇದೆ, ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ. ಅವುಗಳಲ್ಲಿ ಒಂದನೆಯದು 2018ರ ಡಿಸೆಂಬರ್ ಕೊನೆಯ ಹೊತ್ತಿಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ಅದೇ ತಾಲೂಕಿನ ಅರ್ಗಾದಲ್ಲಿ ಮಳೆಗಾಲದ ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ, ಇಲ್ಲವೇ ಬಲ್ಬು ಕೆಂಪಗೆ ಮಿಣುಕುತ್ತದೆ. 230 ವೋಲ್ಟ್ ಇರಬೇಕಾದ ಪ್ಲಗ್ಗಿನಲ್ಲಿ ಆಗ 170 ಇದ್ದರೂ ಇದ್ದೀತು. ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಲು ಹೊರಟವರು ಮೊದಲು ಕೇಳುವುದು ‘ಯಾವ ಐಸಿ ಒಳ್ಳೆಯದು?’ ಎಂದು. ಕರಾವಳಿಯಲ್ಲಿ ಅದು ಎರಡನೆಯ ಪ್ರಶ್ನೆ.

ಆಂಪ್ಲಿಫೈಯರ್ ಎಲ್ಲರಿಗೂ ಬೇಕೇ? ಬೇಡ. 32 ಓಮಿನ ಹೆಡ್‌ಫೋನಿಗೆ ಒಂದು ಮಿಲಿವಾಟ್ ಕೊಡಲು 0.18 ವೋಲ್ಟ್ ಸಾಕು, ಮೊಬೈಲೇ ಅದನ್ನು ಕೊಡುತ್ತದೆ. 300 ಓಮಿನದಕ್ಕೆ ಅಷ್ಟೇ ಶಕ್ತಿಗೆ 0.55 ವೋಲ್ಟ್ ಬೇಕು. ತಬಲಾದ ಪೆಟ್ಟು ಥಟ್ಟನೆ ನೂರು ಪಟ್ಟು ಶಕ್ತಿ ಕೇಳಿದರೆ ಅದು 5.5 ವೋಲ್ಟಿಗೆ ಏರುತ್ತದೆ, ಅಲೆಯ ತುದಿಯಲ್ಲಿ ಸುಮಾರು 7.7. ಒಂದೇ 9 ವೋಲ್ಟ್ ಬ್ಯಾಟರಿಯನ್ನು ಇಬ್ಭಾಗ ಮಾಡಿದರೆ ಸಿಗುವುದು ಮೇಲೆ 4.5, ಕೆಳಗೆ 4.5. ಅಲೆಯ ತಲೆ ಅಲ್ಲೇ ಕತ್ತರಿಸಿಹೋಗುತ್ತದೆ.

ಆದರೂ ಕಲಿಯುವವರಿಗೆ ಆ ಒಂಟಿ ಬ್ಯಾಟರಿಯೇ ಮೊದಲ ಪಾಠ. ಚು ಮೋಯ್ ಎಂಬವರು 1990ರ ದಶಕದ ಕೊನೆಯಲ್ಲಿ ಹಂಚಿಕೊಂಡ ಸರ್ಕ್ಯೂಟು ಇದೇ ಬಗೆಯದು. ಒಂದು ಆಪ್-ಆಂಪ್ ಐಸಿ, ಕೆಲವು ರೆಸಿಸ್ಟರ್, ಕೆಲವು ಕೆಪಾಸಿಟರ್. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕೂರುವ ಈ ಪುಟ್ಟ ಯಂತ್ರವನ್ನು ಲೋಕದ ಹವ್ಯಾಸಿಗಳೆಲ್ಲ ಕಟ್ಟಿ ನೋಡಿದರು. ಅದರ ಮೂಲ ನಕ್ಷೆಯಲ್ಲಿ ದನಿ 11 ಪಟ್ಟು ಹಿಗ್ಗುತ್ತದೆ. ನನ್ನ ಮಟ್ಟಿಗೆ ಅದು ವಿಪರೀತ. ಇವತ್ತಿನ ಹೆಡ್‌ಫೋನಿಗೆ 3 ಪಟ್ಟು ಧಾರಾಳವಾಯಿತು: 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಮುಗಿಯಿತು. ಹೆಚ್ಚು ಹಿಗ್ಗಿಸಿದರೆ ವಾಲ್ಯೂಮ್ ಕಂಟ್ರೋಲನ್ನು ಶುರುವಿನಲ್ಲೇ ನಿಲ್ಲಿಸಬೇಕಾಗುತ್ತದೆ. ಅಗ್ಗದ ಕಂಟ್ರೋಲುಗಳಲ್ಲಿ ಅಲ್ಲಿ ಎಡಕಿವಿಗೂ ಬಲಕಿವಿಗೂ ದನಿ ಸಮ ಬರುವುದಿಲ್ಲ.

ಇನ್ನು ಪ್ಲಗ್ಗಿನ ಕರೆಂಟು. ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್, ಎರಡು 2200 ಮೈಕ್ರೋಫ್ಯಾರಡ್ ಕೆಪಾಸಿಟರ್, 7812 ಮತ್ತು 7912 ರೆಗ್ಯುಲೇಟರ್ ಸೇರಿದರೆ ಮೇಲೆ 12, ಕೆಳಗೆ 12 ವೋಲ್ಟಿನ ಸಪ್ಲೈ ಸಿದ್ಧ. ಪುಸ್ತಕಗಳು ಇದಕ್ಕೆ 12-0-12 ಟ್ರಾನ್ಸ್‌ಫಾರ್ಮರ್ ಹೇಳುತ್ತವೆ. ಲೆಕ್ಕ ಹಾಕಿ ನೋಡಿ. 230 ವೋಲ್ಟಿನಲ್ಲಿ ಕೆಪಾಸಿಟರಿಗೆ ಸುಮಾರು 16 ವೋಲ್ಟ್ ತಲುಪುತ್ತದೆ, ತೊಂದರೆಯಿಲ್ಲ. 170ಕ್ಕೆ ಇಳಿದರೆ ತಲುಪುವುದು ಬರೀ 11.8. ರೆಗ್ಯುಲೇಟರಿಗೆ ಒಳಗೆ 14ರ ಆಸುಪಾಸು ಬೇಕು. ಅದು ಕೈಚೆಲ್ಲಿದ ಕೂಡಲೇ ಡಯೋಡುಗಳಿಂದ ಬರುವ 100 ಹರ್ಟ್ಸಿನ ಏರಿಳಿತ ನೇರವಾಗಿ ಐಸಿಗೆ ನುಗ್ಗುತ್ತದೆ.

ಈ 100 ಹರ್ಟ್ಸ್ ಎಂಥ ಜಾಗದಲ್ಲಿ ಕೂತಿದೆ ಗೊತ್ತೇ? ಗಾಯಕನ ಶ್ರುತಿ ಕಪ್ಪು ಒಂದು ಆದರೆ ತಂಬೂರಿಯ ಪಂಚಮದ ತಂತಿ ಮಿಡಿಯುವುದು ಸುಮಾರು 104 ಹರ್ಟ್ಸಿನಲ್ಲಿ. ಸಪ್ಲೈಯ ಗುಂಯ್ ಅದರ ಪಕ್ಕದಲ್ಲೇ ನಿಂತು, ಸೆಕೆಂಡಿಗೆ ನಾಲ್ಕು ಸಲ ಅದರೊಡನೆ ತಿಕ್ಕಾಡುತ್ತದೆ. ಸಿನಿಮಾ ಹಾಡಿನ ಗದ್ದಲದಲ್ಲಿ ಇದು ತಿಳಿಯದೆ ಹೋದೀತು. ವಿಲಂಬಿತ ಖಯಾಲಿನ ಆಲಾಪದಲ್ಲಿ, ಹೆಡ್‌ಫೋನ್ ಕಿವಿಗಂಟಿಕೊಂಡಿರುವಾಗ, ತಂಬೂರಿಯೇ ಕೆಟ್ಟಿದೆಯೇನೋ ಅನ್ನಿಸುತ್ತದೆ.

ಹಾಗಾಗಿ 15-0-15 ತೆಗೆದುಕೊಳ್ಳಿ. 170 ವೋಲ್ಟಿನಲ್ಲೂ ಕೆಪಾಸಿಟರಿಗೆ 15ರಷ್ಟು ಸಿಗುತ್ತದೆ. ಲೈನಿನ ವೋಲ್ಟೇಜ್ 250ಕ್ಕೆ ಹಾರಿದಾಗ 22 ದಾಟುತ್ತದೆ, ಲೋಡು ಕಡಿಮೆಯಿದ್ದರೆ ಇನ್ನೂ ಮೇಲೆ. ಅದಕ್ಕೆ ಕೆಪಾಸಿಟರು 25 ವೋಲ್ಟಿನದು ಬೇಡ, 35ರದ್ದಿರಲಿ. 7912ರ ಕಾಲುಗಳ ಕ್ರಮ 7812ರಂತಲ್ಲ. 7812ರ ಬೆನ್ನಿನ ತಗಡು ಗ್ರೌಂಡ್, 7912ರದ್ದು ಋಣ ವೋಲ್ಟೇಜಿನ ಇನ್‌ಪುಟ್. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಮೈಕಾ ಹಾಳೆ ಇಲ್ಲದೆ ಬಿಗಿದರೆ ಶಾರ್ಟ್. ಟ್ರಾನ್ಸ್‌ಫಾರ್ಮರಿನ ಮುಂದೆ ಫ್ಯೂಸ್, ಲೋಹದ ಡಬ್ಬಿಗೆ ಅರ್ಥಿಂಗ್, ಇವೆರಡೂ ತಪ್ಪಬಾರದು. 230ರ ಕಡೆ ಕೈ ಪಳಗದವರು ಆ ಭಾಗವನ್ನು ಬಲ್ಲವರಿಂದಲೇ ಮಾಡಿಸಲಿ. ಮೊಬೈಲ್ ಚಾರ್ಜರಿನಿಂದ ಹೇಗೋ ಹೊಂದಿಸೋಣ ಅನ್ನುವವರಿದ್ದಾರೆ. ಎರಡು ಪಿನ್ನಿನ ಚಾರ್ಜರಿನಲ್ಲಿ ಅರ್ಥಿಂಗ್ ಇರುವುದಿಲ್ಲ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಜಾಕ್ ಮುಟ್ಟಿದರೆ ಜುಮ್ಮೆನ್ನುವುದುಂಟು.

ಐಸಿಯನ್ನು ಬೇಸಿನಲ್ಲೇ ಕೂರಿಸಿ, ನೇರ ಬೆಸೆಯಬೇಡಿ. ಎನ್‌ಇ5532 ಆಗಬಹುದು, ಕಡಿಮೆ ಓಮಿನ ಹೆಡ್‌ಫೋನಿಗೆ ಹೆಚ್ಚು ಕರೆಂಟು ಕೊಡುವ 4556 ವಾಸಿ. ಕಾರವಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವ ಯಾರಿಗಾದರೂ ಹೇಳಿದರಾಯಿತು. ಹೆಡ್‌ಫೋನ್ ಸಿಕ್ಕಿಸುವ ಮೊದಲು ಮಲ್ಟಿಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ತಿರುಗಿಸಿ, ಔಟ್‌ಪುಟ್ಟಿನ ಎರಡೂ ಬದಿ ಅಳೆಯಿರಿ. 20 ಮಿಲಿವೋಲ್ಟಿಗಿಂತ ಕಡಿಮೆ ತೋರಿಸಿದರೆ ಸರಿ. ಅದಕ್ಕೆ ಮೀರಿದರೆ ಎಲ್ಲೋ ಬೆಸುಗೆ ತಪ್ಪಿರಬಹುದು, ಹೆಡ್‌ಫೋನನ್ನು ಬಲಿ ಕೊಡಬೇಡಿ.

ಇಷ್ಟಾದ ಮೇಲೂ ಉಪ್ಪುಗಾಳಿ ಬಿಡುವುದಿಲ್ಲ. ಬೆಸುಗೆಯ ಸುತ್ತ ಉಳಿದ ಫ್ಲಕ್ಸ್ ತೇವ ಹೀರುತ್ತದೆ, ತಾಮ್ರದ ಗೆರೆಯ ಮೇಲೆ ಹಸಿರು ಕಿಲುಬು ಹತ್ತುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಒಣಗಿಸಿ, ಬೆಸುಗೆಯ ಬದಿಗೆ ತೆಳ್ಳಗೆ ವಾರ್ನಿಶ್ ಬಳಿಯಿರಿ. ಐಸಿ ಬೇಸಿನ ತೂತುಗಳಿಗೆ ಮಾತ್ರ ಅದು ಇಳಿಯಬಾರದು. ತಗಡಿನ ಡಬ್ಬಿ ಇಲ್ಲಿ ತುಕ್ಕಿನ ಪಾಲು, ಅಲ್ಯೂಮಿನಿಯಂ ತೆಗೆದುಕೊಳ್ಳಿ. ಕರೆಂಟು ಹೋದಾಗಲೂ ಕೇಳಬೇಕೆನ್ನುವವರು 9 ವೋಲ್ಟಿನ ಎರಡು ಬ್ಯಾಟರಿಗೆ ಕ್ಲಿಪ್ ಮತ್ತು ಸ್ವಿಚ್ ಇಟ್ಟುಕೊಳ್ಳಲಿ. ಬಳಸದ ದಿನಗಳಲ್ಲಿ ಬ್ಯಾಟರಿ ಹೊರಗಿರಲಿ, ಒಸರಿದರೆ ಕ್ಲಿಪ್ಪನ್ನೂ ಬೋರ್ಡನ್ನೂ ತಿಂದುಹಾಕುತ್ತದೆ.