ಒಸಗೆಯ ಮನೆಯೂ ದಣಿದ ದೇಹವೂ

ಮದುವೆಗೆ ಮುನ್ನ ವಧುವಿನ ಸುತ್ತಲೂ ಹೆಂಗಸರಷ್ಟೇ ನೆರೆದು ನಲಿಯುವ ಪದ್ಧತಿಯು ಬಹು ಪುರಾತನವಾದುದು. ವಿವಾಹದ ಪೂರ್ವದಲ್ಲಿ ನಾಲ್ವರು ಅಥವಾ ಎಂಟು ಮಂದಿ ಸುಮಂಗಲಿಯರನ್ನು ಶಾಕ, ಅನ್ನ, ಸುರೆಗಳಿಂದ ತೃಪ್ತಿಗೊಳಿಸಬೇಕೆಂದೂ ಅವರು ನಾಲ್ಕಾವರ್ತಿ ನರ್ತಿಸಬೇಕೆಂದೂ ಶಾಂಖಾಯನ ಗೃಹ್ಯಸೂತ್ರವು ವಿಧಿಸುತ್ತದೆ. ಇಂಗ್ಲೆಂಡಿನ ಹೆಂಗಸರು ‘ಹೆನ್ ಪಾರ್ಟಿ’, ಎಂದರೆ ಹೇಂಟೆಗಳ ಔತಣವೆಂದು ವಿನೋದವಾಗಿ ಹೆಸರಿಟ್ಟು ನಡೆಸುವ ಕೂಟವನ್ನು ಕೇಳಿ ಮೂಗು ಮುರಿಯುವವರು ಈ ಸೂತ್ರವನ್ನೊಮ್ಮೆ ನೋಡುವುದೊಳ್ಳಿತು. ನಮ್ಮ ಮನೆಗಳಲ್ಲಿ ಸುರೆಯ ಸ್ಥಾನದಲ್ಲಿ ಪಾನಕವಿದೆ, ಅಷ್ಟೇ ಭೇದ. ವಿಧವೆಯರನ್ನು ಹೊರತುಪಡಿಸಿದ ಸೂತ್ರಕಾರನ ಮಾತನ್ನು ನಾನು ಒಪ್ಪಲಾರೆ. ಆದರೆ ‘ನಾಲ್ಕಾವರ್ತಿ’ ಎಂದು ಅವನು ಒಂದು ಮಿತಿಯನ್ನು ಇಟ್ಟಿರುವನಲ್ಲ, ಅದು ಮೆಚ್ಚತಕ್ಕ ವಿಷಯ. ಇಂದಿನ ನಮ್ಮ ಸಂಭ್ರಮಗಳಿಗೆ ಆ ಮಿತಿಯೇ ಕಾಣದು.

ಹಿಂದೆ ಅರಿಸಿನೆಣ್ಣೆಗೂ ಹಸೆಹಾಡಿಗೂ ಬರುತ್ತಿದ್ದವರು ಬಹುಮಟ್ಟಿಗೆ ಅದೇ ಕೇರಿಯವರು. ಒಲೆಯ ಕೆಲಸ ಮುಗಿಸಿ ಬಂದು, ಎರಡು ಹಾಡು ಹೇಳಿ, ತಾಂಬೂಲ ಪಡೆದು ಮನೆಗೆ ಮರಳುವರು. ಈಗ ಒಬ್ಬಳು ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಬರಬೇಕು, ಇನ್ನೊಬ್ಬಳು ಕಛೇರಿಯಲ್ಲಿ ರಜೆಗಾಗಿ ಬೇಡಬೇಕು. ಬಂದ ಮೇಲೆ ಅರಿಸಿನ, ಬಳೆ, ಮದರಂಗಿ, ಉತ್ತರದೇಶದಿಂದ ಬಂದ ‘ಸಂಗೀತ್’. ಒಂದೊಂದಕ್ಕೂ ಬೇರೊಂದು ಸೀರೆ. ಇಷ್ಟಾದರೂ, ಮೈ ಸರಿಯಿಲ್ಲವೆಂದು ಬಾರದಿದ್ದವಳ ಮಾತು ಹತ್ತು ವರ್ಷದವರೆಗೆ ಉಳಿಯುವುದು. ‘ನನ್ನ ಮಗಳ ಬಳೆಶಾಸ್ತ್ರಕ್ಕೆ ಅವಳು ಬರಲಿಲ್ಲ’ ಎಂಬ ಒಂದು ವಾಕ್ಯದ ಭಯದಿಂದ ಜ್ವರದ ಮಾತ್ರೆಯನ್ನು ನುಂಗಿ ಹೊರಡುವ ಹೆಣ್ಣುಮಕ್ಕಳು ಎಷ್ಟೋ ಮಂದಿ.

ನನ್ನ ತಮ್ಮನ ಮಗಳ ಮದುವೆಯಲ್ಲಿ ನಡೆದುದನ್ನು ಹೇಳುತ್ತೇನೆ. ನನ್ನ ಹಿರಿಯ ಮಗಳು ಡೆಂಗೀ ಜ್ವರದಿಂದ ಎದ್ದು ಮೂರು ವಾರವಾಗಿದ್ದಿತು. ಆ ಜ್ವರವು ಬಿಟ್ಟ ಬಳಿಕವೂ ಆಯಾಸವು ಕೆಲವು ವಾರಗಳ ಕಾಲ ಕಾಡುವುದುಂಟು. ‘ಹೋಗಬೇಡ ಮಗು’ ಎಂದೆ. ‘ಚಿಕ್ಕಮ್ಮ ಏನಂದುಕೊಂಡಾರು ಅಪ್ಪ’ ಎಂದಳು. ಬಳೆ ತೊಡಿಸುವ ಸಂಜೆ ಅವಳು ನಗುನಗುತ್ತ ಎಲ್ಲರಿಗೂ ಪಾನಕ ಹಂಚುತ್ತಿದ್ದಳಂತೆ. ಗದ್ದಲದಲ್ಲಿ ಯಾರೂ ಅವಳ ಮುಖವನ್ನು ನೋಡಲಿಲ್ಲ. ನೋಡಿದವಳು ನನ್ನ ಅಕ್ಕ. ಗಂಡನನ್ನು ಕಳೆದುಕೊಂಡ ಮೇಲೆ ಇಂತಹ ದಿನಗಳಲ್ಲಿ ಆಕೆ ಹಿಂದಿನ ಗೋಡೆಯ ಬಳಿ ಕುಳಿತುಕೊಳ್ಳುವಳು. ಹಿಂದೆ ಕುಳಿತವರಿಗೆ ಎಲ್ಲವೂ ಕಾಣುವುದು. ‘ಏನೇ ತಾಯಿ, ತುಟಿ ಸುಣ್ಣದ ಹಾಗಾಗಿದೆ! ಆ ತಟ್ಟೆ ಇಲ್ಲಿ ಕೊಡು’ ಎಂದು ಕೈಹಿಡಿದು ಪಕ್ಕದ ಕೋಣೆಯಲ್ಲಿ ಮಲಗಿಸಿ, ಹಾಡು ಕೇಳಲೆಂದು ಬಾಗಿಲನ್ನು ತೆರೆದೇ ಇಟ್ಟಳು. ಬಳೆಗಾರನ ಹೆಂಡತಿಯನ್ನು ಅಲ್ಲಿಗೇ ಕರೆದು ಮಲಗಿದ್ದವಳ ಕೈಗೆ ಹಸುರು ಗಾಜಿನ ಬಳೆ ತೊಡಿಸಿದ್ದಾಯಿತು. ಮದುವಣಗಿತ್ತಿಯೂ ಎದ್ದು ಬಂದು, ‘ಅಕ್ಕಾ, ಇಲ್ಲೇ ಚೆನ್ನಾಗಿದೆ’ ಎಂದು ಮಂಚದ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಹಾಡುವವರೂ ಒಬ್ಬೊಬ್ಬರಾಗಿ ಆ ಕೋಣೆಯನ್ನೇ ಸೇರಿದರಂತೆ.

ಮದುವೆ ಮುಗಿದ ಬಳಿಕ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಇದ್ದಿತು. ಗರ್ಭಿಣಿಯಲ್ಲದ ಸ್ತ್ರೀಯಲ್ಲಿ ಡೆಸಿಲೀಟರಿಗೆ 12 ಗ್ರಾಮಿಗೆ ಕಡಿಮೆಯಿದ್ದರೆ ಅದನ್ನು ರಕ್ತಹೀನತೆಯೆಂದು ಎಣಿಸುವರು. ಜ್ವರಕ್ಕಿಂತ ಮುಂಚಿನಿಂದಲೇ ಅದು ಇದ್ದಿರಬೇಕೆಂದು ವೈದ್ಯರ ಅಭಿಪ್ರಾಯ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗಕ್ಕೆಂದೇ ಒಂದು ಅಧ್ಯಾಯವುಂಟು, ಕಬ್ಬಿಣವನ್ನು ಬೆರೆಸಿದ ಯೋಗಗಳೂ ಅಲ್ಲಿವೆ. ಮುಖ ಬಿಳಿಚುವ ದಣಿವನ್ನು ರೋಗವೆಂದು ಪ್ರಾಚೀನರು ಗುರುತಿಸಿದ್ದರು. ನಾವಾದರೋ ‘ಕೆಲಸ ಹೆಚ್ಚಾಯಿತು, ಅದಕ್ಕೇ ಸುಸ್ತು’ ಎಂದು ಸುಮ್ಮನಾಗುವೆವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಭಾರತದಲ್ಲಿ ನೂರಕ್ಕೆ 57 ಮಂದಿಗೂ ಕರ್ನಾಟಕದಲ್ಲಿ ಸುಮಾರು 48 ಮಂದಿಗೂ ರಕ್ತಹೀನತೆಯಿದ್ದಿತು. ಎಂದಮೇಲೆ ಒಸಗೆಯ ಚಾಪೆಯ ಮೇಲೆ ಇಪ್ಪತ್ತು ಮಂದಿ ಕುಳಿತಿದ್ದರೆ, ಅವರಲ್ಲಿ ಒಂಬತ್ತು ಹತ್ತು ಮಂದಿ ದಣಿವನ್ನು ನುಂಗಿಕೊಂಡು ನಗುತ್ತಿರಬಹುದು. ವಾರಗಟ್ಟಲೆ ಬಿಡದ ಆಯಾಸ, ಮೆಟ್ಟಿಲು ಹತ್ತುವಾಗ ಎದೆಬಡಿತ, ತಲೆಸುತ್ತು ಇವಿದ್ದಲ್ಲಿ ಪರೀಕ್ಷೆ ಮಾಡಿಸಲೇಬೇಕು. ಥೈರಾಯ್ಡ್ ದೋಷದಿಂದಲೂ ಸಕ್ಕರೆ ಕಾಯಿಲೆಯಿಂದಲೂ ಇಂತಹ ದಣಿವು ಬರುವುದುಂಟು. ಊಟದ ಜೊತೆಯಲ್ಲೇ ಕುಡಿಯುವ ಚಹವು ಆಹಾರದ ಕಬ್ಬಿಣವು ಮೈಗೂಡದಂತೆ ತಡೆಯುವುದು, ನಿಂಬೆಯ ಹುಳಿಯು ಅದಕ್ಕೆ ನೆರವಾಗುವುದು. ನಮ್ಮ ಮನೆಯಲ್ಲಿ ಈಗ ಊಟವಾಗಿ ಒಂದು ಗಂಟೆಯ ತನಕ ಚಹದ ಪಾತ್ರೆ ಒಲೆಯೇರುವುದಿಲ್ಲ.

ಕರೆಯುವ ಮನೆಯವರಿಗೆ ನನ್ನದೊಂದು ವಿಜ್ಞಾಪನೆಯುಂಟು. ಕುಂಕುಮವಿಟ್ಟು ಕರೆಯುವಾಗಲೇ, ‘ಆದರೆ ಬನ್ನಿ, ಆಗದಿದ್ದರೆ ಅರ್ಧ ಗಳಿಗೆ ಬಂದು ಹೋಗಿ’ ಎಂದುಬಿಡಿ. ನಡುಮನೆಯಲ್ಲಿ ಒರಗುವುದಕ್ಕೆ ನಾಲ್ಕು ದಿಂಬುಗಳಿರಲಿ, ಪಕ್ಕದ ಕೋಣೆಯಲ್ಲಿ ಒಂದು ಹಾಸಿಗೆಯಿರಲಿ. ಪಾನಕ ಹಂಚುವ ಕೆಲಸವನ್ನು ಅಂದು ಗಂಡಸರೇ ಮಾಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಬರಲಾರದವಳ ಪಾಲಿನ ಎಲೆಯಡಿಕೆ, ರವಿಕೆಯ ಕಣ, ಒಂದು ಡಜನ್ ಬಳೆಗಳನ್ನು ಮರುದಿನ ಮನೆಗೆ ಕಳುಹಿಸಿಕೊಡುವ ರೂಢಿ ನಮ್ಮ ಹಿರಿಯರಲ್ಲಿದ್ದಿತು. ಈಚೆಗೆ ಅದು ಅಪರೂಪವಾಗಿದೆ. ನನ್ನ ತಮ್ಮನ ಹೆಂಡತಿ ಆ ಮದುವೆಯಲ್ಲಿ ಅಂತಹ ಐದು ಮನೆಗಳಿಗೆ ಕಳುಹಿಸಿಕೊಟ್ಟಳು. ಜೊತೆಯಲ್ಲಿ ಒಂದೊಂದು ಡಬ್ಬಿ ಚಿಗಳಿ ಉಂಡೆ.