ನಿಮಗಿದು ಗೊತ್ತೆ? ಮಕ್ಕಳ ಲೋಕಕ್ಕೆ ಸಂಶೋಧಕರ ಪ್ರವೇಶ

1928ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ನ್ಯೂಗಿನಿಯ ಉತ್ತರಕ್ಕಿರುವ ಮಾನುಸ್ ದ್ವೀಪಕ್ಕೆ ಹೋದರು. ಅಲ್ಲಿನ ಪೆರೆ ಹಳ್ಳಿಯ ಮಕ್ಕಳು ಅಲ್ಲಿಯವರೆಗೆ ಪೆನ್ಸಿಲ್ಲನ್ನೇ ಹಿಡಿದವರಲ್ಲ. ಮೀಡ್ ಆ ಮಕ್ಕಳಿಗೆ ಪೆನ್ಸಿಲ್, ಕಾಗದ ಕೊಟ್ಟು ಚಿತ್ರ ಬರೆಯಲು ಬಿಟ್ಟರು. ಸಂಗ್ರಹವಾದದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು!

ಚಿಕ್ಕ ಮಕ್ಕಳು ನಿರ್ಜೀವ ವಸ್ತುಗಳಿಗೂ ಜೀವವಿದೆ ಎಂದು ಭಾವಿಸುತ್ತಾರೆ ಎಂಬುದು ಆಗ ಯುರೋಪಿನಲ್ಲಿ ಹೆಸರುವಾಸಿಯಾಗಿದ್ದ ಮನಶ್ಶಾಸ್ತ್ರಜ್ಞ ಪಿಯಾಜೆ ಅವರ ವಾದ. ಇದನ್ನು ಒರೆಗೆ ಹಚ್ಚಲು ಮೀಡ್ ಹೂಡಿದ ಉಪಾಯ ತೀರಾ ಸರಳ. ದೋಣಿಯೊಂದು ತೇಲಿಹೋದಾಗ ‘ಈ ದೋಣಿ ಕೆಟ್ಟದ್ದು, ಅಲ್ವಾ?’ ಎಂದು ಮಕ್ಕಳನ್ನು ಕೆಣಕಿದರು. ಮಕ್ಕಳು ಒಪ್ಪಲಿಲ್ಲ. ತಪ್ಪು ದೋಣಿಯದಲ್ಲ, ಅದನ್ನು ಸರಿಯಾಗಿ ಕಟ್ಟದವನದು ಎಂಬುದು ಅವರ ಉತ್ತರ. ಅದೇ ಊರಿನ ದೊಡ್ಡವರು ಮಾತ್ರ ಸತ್ತ ಹಿರಿಯರ ಆತ್ಮಗಳೇ ಮನೆ ಕಾಯುತ್ತವೆ ಎಂದು ದೃಢವಾಗಿ ನಂಬಿದ್ದರು.

ಮಕ್ಕಳ ನಡುವೆ ಬೆರೆತು ಅವರ ಲೋಕವನ್ನು ಅರಿಯಲು ಹೊರಟ ಸಂಶೋಧಕರಿಗೆ ತಮ್ಮ ದೊಡ್ಡ ದೇಹವೇ ಅಡ್ಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಕೊರ್ಸಾರೊ ಶಿಶುವಿಹಾರಗಳಲ್ಲಿ ಅಧಿಕಾರ ತೋರಿಸದೆ, ತಾವಾಗಿ ಪ್ರಶ್ನೆ ಕೇಳದೆ, ಮಕ್ಕಳು ಆಡುವಲ್ಲಿ ಸುಮ್ಮನೆ ಕುಳಿತು ಅವರೇ ಮಾತನಾಡಿಸಲೆಂದು ಕಾದರು. ಮಕ್ಕಳು ಕೊನೆಗೆ ಅವರನ್ನು ‘ಬಿಗ್ ಬಿಲ್’ ಎಂದು ಕರೆದು ಆಟಕ್ಕೆ ಸೇರಿಸಿಕೊಂಡರು. ಇಟಲಿಯಲ್ಲಂತೂ ಅವರ ತೊದಲು ಇಟಾಲಿಯನ್ ವರವೇ ಆಯಿತು. ಪುಟಾಣಿಗಳು ನಗುತ್ತ ತಿದ್ದಿ ಅವರಿಗೇ ಮೇಷ್ಟ್ರಾದರು.

ಇಂಥ ಅಧ್ಯಯನಕ್ಕೆ ಈಗ ಹೆತ್ತವರ ಒಪ್ಪಿಗೆಯಷ್ಟೇ ಸಾಲದು, ಮಗುವಿನ ಸಮ್ಮತಿಯನ್ನೂ ಕೇಳಬೇಕು ಎನ್ನುತ್ತದೆ ಸಂಶೋಧನಾ ನೀತಿ. ಮಗು ಬೇಡವೆಂದರೆ ಸಂಶೋಧಕರು ಅಲ್ಲಿಗೇ ನಿಲ್ಲಿಸಬೇಕು.