ಒಂದೇ ಹಾಡು, ಎರಡು ಕಾನೂನು!

1929! ಆ ಒಂದು ವರ್ಷವನ್ನು ಕೆದಕುತ್ತ ಹೋದರೆ ಬೆರಗು ಮುಗಿಯುವುದೇ ಇಲ್ಲ. ಏಪ್ರಿಲ್ 8ರಂದು ದೆಹಲಿಯ ಶಾಸನಸಭೆಯಲ್ಲಿ ಭಗತ್ ಸಿಂಗ್, ಬಟುಕೇಶ್ವರ ದತ್ತ ಬಾಂಬ್ ಎಸೆದದ್ದು ನಮಗೆಲ್ಲ ಬಾಯಿಪಾಠ. ಅಂದು ಸಭೆಯ ಮುಂದಿದ್ದದ್ದು ಕಾರ್ಮಿಕ ವಿವಾದಗಳ ಮಸೂದೆ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಅದರ 16ನೇ ಕಲಮನ್ನು ಓದಬೇಕು! ಕೂಲಿ-ಕೆಲಸದ ವ್ಯಾಜ್ಯ ಮೀರಿದ ಗುರಿಯಿಟ್ಟುಕೊಂಡು, ಜನಜೀವನವನ್ನು ತೀವ್ರ ಸಂಕಟಕ್ಕೆ ನೂಕಿ, ಸರ್ಕಾರವನ್ನು ಮಣಿಸಲು ಹೊರಟ ಮುಷ್ಕರ ಅಕ್ರಮ. ಹೊಟ್ಟೆಗಾಗಿ ನಿಂತರೆ ಸರಿ, ದೇಶಕ್ಕಾಗಿ ನಿಂತರೆ ತಪ್ಪು! 1926ರ ಸಾರ್ವತ್ರಿಕ ಮುಷ್ಕರಕ್ಕೆ ಬೆಚ್ಚಿದ ಬ್ರಿಟನ್, ಮರುವರ್ಷ ತನ್ನ ನೆಲದಲ್ಲೇ ಮಾಡಿಕೊಂಡ ಕಾನೂನಿನ ಪಡಿಯಚ್ಚು ಅದು.

ಬ್ರಿಟಿಷ್ ಭಾರತದ ಈ ಕಾನೂನು ಹೈದರಾಬಾದಿಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ನಿಜಾಮರ ಆಳ್ವಿಕೆ. ಅಲ್ಲಿಯೂ ಅದೇ 1929ರಲ್ಲಿ ಹೊರಟಿತು ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ! ಸರ್ಕಾರದ ಅಪ್ಪಣೆಯಿಲ್ಲದೆ ರಾಜಕೀಯ ಸಭೆ ಕೂಡದು. ಬ್ರಿಟಿಷ್ ಕಲಂ ಮುಷ್ಕರದ ಗುರಿಯನ್ನಾದರೂ ಕೇಳುತ್ತಿತ್ತು. ಇಲ್ಲಿ ಅಪ್ಪಣೆ ಇದೆಯೋ ಇಲ್ಲವೋ, ಅಷ್ಟೇ.

1938ರ ಸೆಪ್ಟೆಂಬರ್. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ವಿಧಿವತ್ತಾಗಿ ಹುಟ್ಟುವ ಮೊದಲೇ ನಿಷೇಧ! ಹುಟ್ಟದ ಕೂಸಿಗೆ ಕೋಳ! ಅಕ್ಟೋಬರ್‌ನಲ್ಲಿ ಸತ್ಯಾಗ್ರಹ, ನಮ್ಮ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಜೈಲಿಗೆ. ನವೆಂಬರ್ ಮುಗಿಯುವ ಹೊತ್ತಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹುಡುಗರು ‘ವಂದೇ ಮಾತರಂ’ ಹಾಡುವುದಕ್ಕೂ ತಡೆ ಬಿತ್ತು. ತರಗತಿಗಳು ಖಾಲಿಯಾದವು. ಕಿಚ್ಚು ಕಲಬುರ್ಗಿಯ ಕಾಲೇಜಿಗೂ ಹಬ್ಬಿತು. ಈ ಹುಡುಗರು ಯಾವ ಗಿರಣಿಯ ಕೂಲಿಗಳೂ ಅಲ್ಲ, ಇವರನ್ನು ಹಿಡಿಯಲು ಮುಷ್ಕರದ ಕಾನೂನೇ ಬೇಕಾಗಲಿಲ್ಲ! ಹಾಜರಿ ಪುಸ್ತಕದಿಂದ ಹೆಸರು ಹೊಡೆದರೆ ಸಾಕಿತ್ತು. ನೂರಾರು ಹೆಸರು ಹೋದವು.

ಆಮೇಲಿನದ್ದು ಇನ್ನೂ ಸೋಜಿಗ. ಹುಡುಗರು ಉತ್ತರಕ್ಕೆ ರೈಲು ಹತ್ತಿದರು. ನಾಗಪುರ ವಿಶ್ವವಿದ್ಯಾಲಯದ ಕುಲಪತಿ ಟಿ.ಜೆ. ಕೇದಾರ್ ಬಾಗಿಲು ತೆರೆದರು. ನಾಗಪುರವಿದ್ದದ್ದು ಯಾರ ನೆಲದಲ್ಲಿ? ಬ್ರಿಟಿಷರದ್ದರಲ್ಲೇ! ಆದರೆ 1937ರ ಚುನಾವಣೆಯ ನಂತರ ಅಲ್ಲಿ ಕಾಂಗ್ರೆಸ್ ಮಂತ್ರಿಮಂಡಲವಿತ್ತು. ಸ್ವದೇಶಿ ಅರಸರ ನಾಡಿನಲ್ಲಿ ಓದು ಕಳೆದುಕೊಂಡವರಿಗೆ ಪರದೇಶಿಗಳ ಸಾಮ್ರಾಜ್ಯದಲ್ಲಿ ಬೆಂಚು ಸಿಕ್ಕಿತು. ಚಾರಿತ್ರಿಕ ವ್ಯಂಗ್ಯ ಎಂದರೆ ಇದಲ್ಲದೆ ಮತ್ತೇನು? ಆ ಚಳವಳಿಗೆ ಧುಮುಕಿದ್ದವರಲ್ಲಿ ಪಿ.ವಿ. ನರಸಿಂಹರಾವ್ ಎಂಬ ಹುಡುಗನೂ ಇದ್ದ.

ಎಲ್ಲರಿಗೂ ನಾಗಪುರದ ಬೆಂಚು ಸಿಗಲಿಲ್ಲ. ಗದ್ವಾಲದ ರಾಮಚಂದ್ರರಾವ್ ಎಂಬ ಆರ್ಯಸಮಾಜಿಗೆ ಸಿಕ್ಕಿದ್ದು ಜೈಲು, ಅದರೊಳಗೆ ಛಡಿಯೇಟು. ಏಟು ಬಿದ್ದಷ್ಟು ಸಲವೂ ಅವರು ‘ವಂದೇ ಮಾತರಂ’ ಎಂದೇ ಕೂಗಿದರಂತೆ. ಮುಂದೆ ಹೈದರಾಬಾದಿಗರು ಅವರನ್ನು ಕರೆದದ್ದೇ ‘ವಂದೇ ಮಾತರಂ’ ರಾಮಚಂದ್ರರಾವ್ ಎಂದು.